ಗಣೆ, ಗಣೆಗಾರ ಮತ್ತು ಔದಿಯೋಫಿಲೊ

ಧ್ವನಿಯ ಗುಣಕ್ಕೆ ಮನಸೋತವನನ್ನು ಇಟಾಲಿಯನ್ನರು ‘ಔದಿಯೋಫಿಲೊ’ ಎನ್ನುತ್ತಾರೆ. ಪದ ಬೆರಕೆಯದು: ಮುಂಭಾಗ ಲ್ಯಾಟಿನ್, ಹಿಂಭಾಗ ಗ್ರೀಕ್. ಅದಕ್ಕೆ ಮಾದರಿ 1950ರ ದಶಕದ ಆರಂಭದಲ್ಲಿ ಚಲಾವಣೆಗೆ ಬಂದ ಇಂಗ್ಲಿಷಿನ ‘ಆಡಿಯೋಫೈಲ್’. ಹೈಫೈ ಯಂತ್ರಗಳ ಕಾಲದ ಕೂಸು.

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಇಂಥದೇ ಬೆರಕೆ ಪದವೊಂದಿದೆ: ಗಣೆಗಾರ, ಅಂದರೆ ಗಣೆ ಎಂಬ ವಾದ್ಯ ಊದುವವನು. ‘ಗಾರ’ ಸಂಸ್ಕೃತದ ‘ಕಾರ’ದ ತದ್ಭವ. ‘ಗಣೆ’ ಮಾತ್ರ ಅಪ್ಪಟ ದ್ರಾವಿಡ. ಗಣೆ ಎಂದರೆ ಬಿದಿರ ಕೋಲು. ಹಳಗನ್ನಡದಲ್ಲಿ ‘ಕಣೆ’ ಬಾಣ, ತಮಿಳಿನ ‘ಕಣೈ’ ಕೂಡ ಬಾಣವೇ. ಗಡಿಯಂಚಿನ ಪಾವಗಡದಲ್ಲಿ ಕಿವಿಗೆ ಬೀಳುವ ತೆಲುಗಿನ ‘ಗಡ’ಕ್ಕೂ ಕೋಲೆಂಬ ಅರ್ಥವಿದೆ. ಆದರೆ ಸದ್ದಿನ ಹೋಲಿಕೆ ನಂಬಿ ಇದನ್ನು ಗಣೆಯ ಬೇರಿಗೆ ಕಟ್ಟುವುದು ಅವಸರವಾದೀತು. ಗಡಕ್ಕೆ ಹತ್ತಿರದ ನೆಂಟ ಕನ್ನಡದ ‘ಗಳ’.

ಕೋಲಿನ ಹೆಸರು ವಾದ್ಯಕ್ಕೆ ಅಂಟಿದ್ದು ಸಹಜವೇ. ಈ ಹಟ್ಟಿಗಳ ಕಾಡುಗೊಲ್ಲರ ಗಣೆ ಮಾಮೂಲಿ ಕೊಳಲಿಗಿಂತ ಬಹಳ ಉದ್ದ. ಅಡ್ಡ ಹಿಡಿಯುವುದಿಲ್ಲ, ಕೆಳಮುಖವಾಗಿ ಹಿಡಿದು ಊದುತ್ತಾರೆ. ಹಾಡಿನ ಸಾಲು ನಿಂತಲ್ಲಿ ಗಣೆಯ ದನಿ ಏಳುತ್ತದೆ, ದನಿ ಇಳಿದಲ್ಲಿ ಮುಂದಿನ ಸಾಲು. ಹಾಡುವುದು ಜುಂಜಪ್ಪನ ಕತೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಈ ಪಶುಪಾಲಕ ವೀರನ ಮುಖ್ಯ ನೆಲೆ. ದನಕರುಗಳನ್ನು ಕಾಯುವವನು, ಹಾವು ಚೇಳುಗಳ ವಿಷ ಇಳಿಸುವವನು ಎಂಬ ನಂಬಿಕೆ ಅವನ ಮೇಲಿದೆ. ಹಾಗಾಗಿ ಗಣೆಯ ದನಿ ಇಲ್ಲಿ ಬರೀ ಮನರಂಜನೆಯಲ್ಲ, ಹರಕೆಯ ಭಾಗ.

ವ್ಯತ್ಯಾಸ ಇರುವುದು ಇಲ್ಲೇ. ಇಟಾಲಿಯನ್ ಪದ ಕೇಳುವವನ ಅಭಿರುಚಿಯನ್ನು ಹೆಸರಿಸುತ್ತದೆ. ಕನ್ನಡ ಪದ ಊದುವವನ ಕಸುಬನ್ನು. ಒಂದು ಯಂತ್ರದಿಂದ ಹುಟ್ಟಿತು, ಇನ್ನೊಂದು ಬಿದಿರ ಮೆಳೆಯಿಂದ. ಹಟ್ಟಿಯ ಕೇಳುಗರಿಗೆ ಬೇರೆ ಬಿರುದು ಬೇಕಾದಂತಿಲ್ಲ, ಅವರು ಜುಂಜಪ್ಪನ ಒಕ್ಕಲು.

ಜುಂಜಪ್ಪನ ಕಾವ್ಯ ಚಲುವರಾಜು ಅವರ ಸಂಪಾದನೆಯಲ್ಲಿ ಅಚ್ಚಾಗಿದೆ. ಅಕ್ಷರಕ್ಕೆ ಸಿಕ್ಕಿದ್ದು ಮಾತು. ಸಾಲುಗಳ ನಡುವಿನ ಉಸಿರು ಪುಟದಲ್ಲಿ ನಿಲ್ಲುವಂಥದ್ದಲ್ಲ. ಈ ನಾಲ್ಕು ತಾಲ್ಲೂಕುಗಳ ಗಣೆಗಾರರು ಇರುವಾಗಲೇ ಹಾಡಿನ ಜೊತೆ ಊದುವಿಕೆಯನ್ನೂ ಇಡಿಯಾಗಿ ಧ್ವನಿಮುದ್ರಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.