ವಿಷದೂರಿನ ಮೂಲ

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನಮ್ಮ ತಲೆಮಾರಿಗೆ ಕೊಲೆಗಾರ ಸಿಕ್ಕಿದೊಡನೆ ಕಥೆ ಮುಗಿಯಬೇಕೆಂಬ ನಿರೀಕ್ಷೆ ಸಹಜ. 1929ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡ್ಯಾಶಿಯಲ್ ಹ್ಯಾಮೆಟ್ ಅವರ ‘ರೆಡ್ ಹಾರ್ವೆಸ್ಟ್’ ಕಾದಂಬರಿಯಲ್ಲಿ ಮೊದಲ ಕೊಲೆಯ ಗುಟ್ಟು ಬೇಗನೆ ಬಯಲಾಗುತ್ತದೆ; ನಿಜವಾದ ಕಥೆ ಆ ಬಳಿಕ ಬೆಳೆಯುತ್ತದೆ.

ಕಥೆ ನಡೆಯುವುದು ಪರ್ಸನ್‌ವಿಲ್ ಎಂಬ ಗಣಿಪಟ್ಟಣದಲ್ಲಿ. ಆಡುವವರ ಬಾಯಲ್ಲಿ ಅದು ಪಾಯ್ಸನ್‌ವಿಲ್, ಅಂದರೆ ವಿಷದೂರು. ಗಣಿ, ಬ್ಯಾಂಕು, ಪತ್ರಿಕೆಗಳಿಗೆಲ್ಲ ಒಡೆಯನಾದ ಎಲಿಹು ವಿಲ್ಸನ್ ಕಾರ್ಮಿಕರ ಮುಷ್ಕರ ಮುರಿಯಲು ಪುಂಡರನ್ನು ಕರೆಸಿದ್ದ. ಮುಷ್ಕರವೇನೋ ಮುರಿಯಿತು, ಪುಂಡರು ಮಾತ್ರ ಹಿಂದಿರುಗಲಿಲ್ಲ. ಊರನ್ನೇ ತಮ್ಮೊಳಗೆ ಹಂಚಿಕೊಂಡರು. ಪತ್ರಿಕೆ ನಡೆಸುತ್ತಿದ್ದ ಅವನ ಮಗನೇ ಗುಂಡಿಗೆ ಬಲಿಯಾಗುತ್ತಾನೆ. ಹೆಸರಿಲ್ಲದ ಪತ್ತೇದಾರನೊಬ್ಬ ಬಣಗಳನ್ನು ಪರಸ್ಪರ ಎತ್ತಿಕಟ್ಟುತ್ತಾನೆ. ಹೆಣಗಳು ಉರುಳಿದಂತೆಲ್ಲ ತನಗೂ ಕೊಲೆಯ ಹುಚ್ಚು ಹಿಡಿಯುತ್ತಿದೆಯೆಂದು ಅವನೇ ಅಂಜುತ್ತಾನೆ.

ಈ ಊರಿನ ಹಿಂದೆ ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ತಾಮ್ರದ ಗಣಿನಗರದ ನೆರಳನ್ನು ವಿಮರ್ಶಕರು ಗುರುತಿಸಿದ್ದಾರೆ. ಅಲ್ಲಿ ಅನಕೊಂಡಾ ಕಂಪನಿಯದೇ ಪ್ರಾಬಲ್ಯ. 1917ರ ಜೂನ್ 8ರಂದು ಅಲ್ಲಿನ ಸ್ಪೆಕ್ಯುಲೇಟರ್ ಗಣಿಯಲ್ಲಿ ಬೆಂಕಿ ಹೊತ್ತಿಕೊಂಡು 168 ಮಂದಿ ಸತ್ತರು. ಕೆಲಸಗಾರರು ಮುಷ್ಕರ ಹೂಡಿದರು. ಅವರನ್ನು ಸಂಘಟಿಸಲು ಬಂದ ಫ್ರಾಂಕ್ ಲಿಟಲ್ ಅವರನ್ನು ಆಗಸ್ಟ್ 1ರ ನಸುಕಿನಲ್ಲಿ ಮುಸುಕುಧಾರಿಗಳು ತಂಗಿದ್ದ ಮನೆಯಿಂದ ಎಳೆದೊಯ್ದು ರೈಲುಸೇತುವೆಗೆ ನೇಣು ಹಾಕಿದರು. ಆ ಕೊಲೆಗಾಗಿ ಯಾರ ಮೇಲೂ ವಿಚಾರಣೆ ನಡೆಯಲಿಲ್ಲ.

ಹ್ಯಾಮೆಟ್ 1915ರಲ್ಲಿ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯನ್ನು ಸೇರಿದವರು. ಮಾಲೀಕರ ಪರವಾಗಿ ಮುಷ್ಕರ ಮುರಿಯುವುದೂ ಆ ಸಂಸ್ಥೆಯ ಕಸುಬಾಗಿತ್ತು. ಲಿಟಲ್ ಅವರನ್ನು ಕೊಲ್ಲಲು ತಮಗೆ 5,000 ಡಾಲರುಗಳ ಆಮಿಷ ಬಂದಿತ್ತೆಂದು ಹ್ಯಾಮೆಟ್ ಹೇಳಿದುದಾಗಿ ಅವರ ಸಂಗಾತಿ ಲಿಲಿಯನ್ ಹೆಲ್ಮನ್ ಬರೆದಿದ್ದಾರೆ. ಇತಿಹಾಸದ ವಿದ್ಯಾರ್ಥಿ ಇದನ್ನು ಒಬ್ಬರ ಹೇಳಿಕೆಯೆಂದೇ ಎಣಿಸಬೇಕು. ವಿದ್ವಾಂಸರಲ್ಲಿ ಇದನ್ನು ಸಂಶಯಿಸಿದವರೂ ಉಂಟು. ಆದರೆ ಕಾದಂಬರಿಯ ಸತ್ಯ ಈ ಒಂದು ಮಾತನ್ನು ನೆಚ್ಚಿ ನಿಂತಿಲ್ಲ. ಬಾಡಿಗೆಯ ಬಲ ಕೊನೆಗೆ ಯಾರ ಅಂಕೆಯಲ್ಲೂ ಉಳಿಯದೆಂಬುದನ್ನು ಆ ಕಸುಬನ್ನು ಒಳಗಿನಿಂದ ಬಲ್ಲ ಲೇಖಕರು ಇಲ್ಲಿ ತೋರಿಸಿಕೊಟ್ಟಿದ್ದಾರೆ.

ಕೊನೆಗೆ ಸೈನ್ಯ ಬರುತ್ತದೆ, ಪುಂಡರು ನಾಶವಾಗುತ್ತಾರೆ, ಊರು ಮತ್ತೆ ಅದೇ ವೃದ್ಧ ವಿಲ್ಸನ್ನನ ಕೈ ಸೇರುತ್ತದೆ. ಗುಂಡು ಹಾರಿಸಿದವರು ಯಾರೆಂದು ಹೇಳಿ ನ್ಯಾಯಾಲಯ ಕಡತ ಮುಚ್ಚಬಹುದು. ಗುಂಡು ಹಾರುವ ಊರನ್ನು ಕಟ್ಟಿದವರು ಯಾರೆಂದು ಕೇಳುವ ಹೊಣೆ ಮಾತ್ರ ಇತಿಹಾಸಕಾರನದು. ಬ್ಯೂಟ್‌ನಲ್ಲಿ ನ್ಯಾಯಾಲಯ ಮೊದಲನೆಯ ಪ್ರಶ್ನೆಯನ್ನೂ ಕೇಳಲಿಲ್ಲ; ಎರಡನೆಯದನ್ನು ಒಂದು ಪತ್ತೇದಾರಿ ಕಾದಂಬರಿ ಕೇಳಿತು.