ಔಷಧಕ್ಕೆಂದು ಬಿಟ್ಟ ಬಾಗಿಲು

ಹಳೆಯ ಮದ್ರಾಸ್ ಪ್ರಾಂತ್ಯದ ನಕ್ಷೆ ಬಿಡಿಸಿದಾಗಲೆಲ್ಲ ನಮ್ಮ ಶಾಲೆಯ ಮಕ್ಕಳದ್ದು ಒಂದೇ ಪ್ರಶ್ನೆ: “ಸಾರ್, ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯೊಳಗೆ ಯಾಕಿದೆ?” 1956ರ ನವೆಂಬರ್ 1ರವರೆಗೆ ಇದ್ದದ್ದೇ ಹಾಗೆ. ಇವತ್ತಿನ ತಿರುಪ್ಪೂರು ಜಿಲ್ಲೆಯ ಧಾರಾಪುರ, ಉಡುಮಲಪೇಟೆ, ಪಲ್ಲಡಂ ಕೂಡ ಅದೇ ಜಿಲ್ಲೆ. ಕೊಳ್ಳೇಗಾಲದ ಕನ್ನಡ ರೈತನಿಗೂ ಪಲ್ಲಡದ ತಮಿಳು ರೈತನಿಗೂ ಕಲೆಕ್ಟರು ಒಬ್ಬನೇ, ಕಾನೂನೂ ಒಂದೇ. ಆ ಕಾನೂನುಗಳಲ್ಲಿ ಒಂದು ಗಿಡದ ಬಗ್ಗೆ ಬರೆದದ್ದನ್ನು ಇಲ್ಲಿ ಹೇಳುತ್ತೇನೆ. ಭಂಗಿಸೊಪ್ಪಿನ ಗಿಡ ಅಂದರೆ ನಮ್ಮ ಹಿರಿಯರಿಗೆ ಗೊತ್ತು. ಅದರ ಹೂವಿನ ತೆನೆಯೇ ಗಾಂಜಾ.

ಈ ಗಿಡ ಬರೀ ನಶೆಯದ್ದಲ್ಲ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂದು ಹೆಸರು. ತಮಿಳರ ಸಿದ್ಧ ವೈದ್ಯದಲ್ಲೂ ಇದು ಶುದ್ಧಿ ಮಾಡಿ ಬಳಸುವ ಮೂಲಿಕೆ. 1839ರಲ್ಲಿ ಕಲ್ಕತ್ತೆಯ ವೈದ್ಯ ಓಶಾಗ್ನೆಸ್ಸಿ ಇದರ ಗುಣಗಳನ್ನು ಬರೆದು ಪ್ರಕಟಿಸಿದ ಮೇಲೆ ಇಂಗ್ಲಿಷ್ ಡಾಕ್ಟರರೂ ನೋವಿಗೆ, ಸೆಳೆತಕ್ಕೆ ಕೊಡತೊಡಗಿದರು.

ಮದ್ರಾಸ್ ಪ್ರಾಂತ್ಯದಲ್ಲಿ 1886ರ ಅಬ್ಕಾರಿ ಕಾಯ್ದೆ ಹೆಂಡ ಸಾರಾಯಿಯ ಜೊತೆ ಇದನ್ನೂ ಲೈಸೆನ್ಸಿನ ಕಟ್ಟಿಗೆ ತಂದಿತು. 1893ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗಾಂಜಾ ಜನರನ್ನು ಹಾಳುಮಾಡುತ್ತಿದೆ ಎಂಬ ಕೂಗು ಎದ್ದು, ಸರಕಾರ ಒಂದು ಆಯೋಗ ನೇಮಿಸಿತು. ಏಳು ಜನ ಸದಸ್ಯರು, ಅವರಲ್ಲಿ ಮೂವರು ಭಾರತೀಯರು. ದೇಶ ಸುತ್ತಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದರು. 1894ರ ವರದಿಯಲ್ಲಿ ಅವರು ಹೇಳಿದ್ದು ಇಷ್ಟು: ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ, ಲೈಸೆನ್ಸು ಕೊಟ್ಟು, ಬೆಳೆಯ ಮೇಲೆ ಕಣ್ಣಿಡಿ. ಬಡವರಿಗೆ ಅದು ಮನೆಮದ್ದೂ ಹೌದು ಎಂಬುದು ಅವರ ಲೆಕ್ಕದಲ್ಲಿತ್ತು.

ಮುಂದೆ ಗಾಳಿ ತಿರುಗಿತು. ರಾಜಾಜಿ ಮುಖ್ಯಮಂತ್ರಿಯಾದಾಗ 1937ರ ಮದ್ರಾಸ್ ಪಾನನಿಷೇಧ ಕಾಯ್ದೆ ಬಂತು. ಮೊದಲು ಪಕ್ಕದ ಸೇಲಂ ಜಿಲ್ಲೆಯಲ್ಲಿ, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯದಲ್ಲಿ. ಈ ಕಾಯ್ದೆ ಮದ್ಯದ ಜೊತೆ ಗಾಂಜಾವನ್ನೂ ಸೇರಿಸಿತು, ಸೊಪ್ಪನ್ನೂ ಬಿಡಲಿಲ್ಲ. ಔಷಧಕ್ಕೆ ವಿನಾಯಿತಿ ಇತ್ತು, ಆದರೆ ಅದು ಪರವಾನಗಿ ಚೀಟಿಯ ಮೇಲೆ. ಚೀಟಿ ಬೇಕಾದರೆ ಕಚೇರಿಗೆ ಹೋಗಬೇಕು, ಬರೆಯಲು ಬರಬೇಕು. ಘಟ್ಟದ ಮೇಲಿನ ಹಳ್ಳಿಯವನಿಗೆ ಇದು ಎಷ್ಟು ದೂರ ಎಂದು ನೀವೇ ಯೋಚಿಸಿ.

1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಕೊಯಮತ್ತೂರಿನಲ್ಲೇ ಉಳಿಯಿತು, 1979ರಲ್ಲಿ ಈರೋಡ್ ಜಿಲ್ಲೆಗೆ ಹೋಯಿತು. ನೆಲ ಹೋದ ದಿನವೇ ಕಾನೂನು ಹೋಗುವುದಿಲ್ಲ. ಹೊಸ ರಾಜ್ಯ ಬದಲಿಸುವ ತನಕ ಹಳೆಯದೇ ನಡೆಯಬೇಕೆಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲೇ ಇದೆ. ಗಡಿಯ ಜನರಿಗೆ ಇಂಥ ವಿಚಿತ್ರಗಳು ಹೊಸದಲ್ಲ.

1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಒಪ್ಪಿತು. ಅದರಲ್ಲಿ ಸೊಪ್ಪು ಗಾಂಜಾದ ವ್ಯಾಖ್ಯೆಯಿಂದ ಹೊರಗೆ ಉಳಿಯಿತು. 1985ರ ಮಾದಕ ವಸ್ತು ಕಾಯ್ದೆ (ಎನ್‌ಡಿಪಿಎಸ್) ಗಾಂಜಾವನ್ನು ದೇಶದಾದ್ಯಂತ ಅಪರಾಧ ಮಾಡಿತು. ಅಲ್ಲೂ ತೆನೆ ಸೇರದ ಬರೀ ಎಲೆ ಗಾಂಜಾ ಅಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟು ಭಂಗಿ ಈ ಕಾಯ್ದೆಯ ನಿಷೇಧದೊಳಗೆ ಬರುವುದಿಲ್ಲ ಎಂದಿತು.

ಅದೇ ಕಾಯ್ದೆಯ 8ನೇ ಕಲಮಿನಲ್ಲಿ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳನ್ನು ಹೊರತುಪಡಿಸಿ ಎಂಬ ಮಾತಿದೆ. ಬಾಗಿಲು ಇದೆ, ಆದರೆ ತೆರೆಯುವವರು ಯಾರು? ಇದಕ್ಕೆ ಉತ್ತರ ಇದೇ ಕಾಯ್ದೆಯ ಕೆಳಗಿರುವ ಇನ್ನೊಂದು ಮದ್ದಿನ ಕಥೆಯಲ್ಲಿದೆ. ಅಫೀಮಿನಿಂದ ಬರುವ ಮಾರ್ಫಿನ್ ಕ್ಯಾನ್ಸರ್ ನೋವಿಗೆ ಮದ್ದು. ನಮ್ಮದು ಅಫೀಮು ಬೆಳೆಯುವ ದೇಶ. ಆದರೂ 1985ರ ನಂತರ ನಾಲ್ಕೈದು ಲೈಸೆನ್ಸುಗಳ ಗೋಜಿಗೆ ಹೆದರಿ ಆಸ್ಪತ್ರೆ, ಔಷಧಿ ಅಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶದಲ್ಲಿ ಬಳಕೆಯಾದದ್ದು ಸುಮಾರು 18 ಕಿಲೋ ಮಾತ್ರ. ಕಾನೂನು ಬೇಡ ಎಂದಿರಲಿಲ್ಲ, ಆದರೂ ರೋಗಿ ನರಳಿದ. 2014ರಲ್ಲಿ ಕಾಯ್ದೆ ತಿದ್ದಿ ಮಾರ್ಫಿನ್ ಮುಂತಾದ ಔಷಧಗಳಿಗೆ ಇಡೀ ದೇಶಕ್ಕೆ ಒಂದೇ ಬಗೆಯ ನಿಯಮ ತಂದರು. ನೋವು ಶಮನದ ಕೆಲಸ ಮಾಡುವ ಕೇರಳದ ವೈದ್ಯರು ವರ್ಷಗಟ್ಟಲೆ ಹೋರಾಡಿದ್ದರ ಫಲ ಇದು.

2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯಕರ ವಸ್ತುಗಳ ಪಟ್ಟಿಯಿಂದ 27–25 ಮತಗಳಿಂದ ತೆಗೆಯಿತು. ಭಾರತದ ಮತ ತೆಗೆಯಬೇಕು ಎಂಬ ಕಡೆಗೇ ಇತ್ತು.

ಗಾಂಜಾ ಸೇದಿ ಹಾಳಾದ ಹುಡುಗರನ್ನು ಮೇಷ್ಟರಾದ ನಾವು ಕಂಡಿದ್ದೇವೆ. ಅದಕ್ಕೆ ಕಟ್ಟುನಿಟ್ಟು ಬೇಕೇ ಬೇಕು. ಆದರೆ ಮದ್ದು ಬೇಕಾದವನಿಗೆ ದಾರಿ ತೆರೆದಿದೆಯೇ ಎನ್ನುವುದನ್ನು ಕಾಯ್ದೆಯ ಪುಸ್ತಕ ನೋಡಿ ಹೇಳಲಾಗದು. ಹಳ್ಳಿಯ ರೋಗಿ ಎಷ್ಟು ಕಚೇರಿ ಹತ್ತಿ ಇಳಿಯಬೇಕು ಎಂದು ಎಣಿಸಿ ನೋಡಿದರೆ ಗೊತ್ತಾಗುತ್ತದೆ.