ಫೋನ್ ಬದಲಾದ್ರೆ ಗೇಮ್ ಹೋಯ್ತು: ಎನ್-ಗೇಜ್ ಕಾಲದ ಕಥೆ

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಆಫೀಸಿನಲ್ಲಿ ರಿಲೀಸು, ರಿಲೀಸು ಅಂತ ತಲೆ ಚಿಟ್ಟು ಹಿಡಿದಿತ್ತು. ಸ್ವಲ್ಪ ಬಿಡುವು ಸಿಕ್ಕಿದ್ದೇ ತಡ, ಹಳೆಯ ನೋಕಿಯಾ ಫೋನುಗಳ ಬಗ್ಗೆ ಓದ್ತಾ ಕೂತೆ. ಅಲ್ಲಿ ಸಿಕ್ಕಿದ ಒಂದು ಪ್ರಸಂಗ ತಲೆಯಿಂದ ಹೋಗ್ತಾನೇ ಇಲ್ಲ, ಅದಕ್ಕೇ ಈ ಬರಹ.

ಈಗ ನಾವು ಹೊಸ ಫೋನ್ ತಗೊಂಡಾಗ ಏನು ಮಾಡ್ತೀವಿ? ಹಳೆಯ ಈಮೇಲ್ ಐಡಿ, ಪಾಸ್‌ವರ್ಡ್ ಹಾಕ್ತೀವಿ. ಕಾಫಿ ಕುಡಿದು ಬರೋದ್ರೊಳಗೆ ಆಪ್‌ಗಳೆಲ್ಲ ಬಂದು ಕೂತಿರುತ್ತವೆ, ದುಡ್ಡು ಕೊಟ್ಟು ಕೊಂಡದ್ದೂ ಸೇರಿ. 2008ರಲ್ಲಿ ಹೀಗಿರಲಿಲ್ಲ. ಆಗ ಜಗತ್ತಿನ ಅತಿ ದೊಡ್ಡ ಮೊಬೈಲ್ ಕಂಪನಿಯಾಗಿದ್ದ ನೋಕಿಯಾದ ಲೆಕ್ಕದಲ್ಲಿ, ಹೊಸ ಫೋನ್ ಕೊಂಡವರು ಹಳೆಯ ಫೋನಿನಲ್ಲಿ ಕೊಂಡಿದ್ದ ಗೇಮನ್ನೂ ಮತ್ತೆ ಕೊಳ್ಳಬೇಕಿತ್ತು!

ಕಥೆ ಸ್ವಲ್ಪ ಹಿಂದಿನಿಂದ ಶುರು ಮಾಡ್ತೀನಿ. ಮೊಬೈಲಿನಲ್ಲಿ ಗೇಮ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ನೋಕಿಯಾದ ಹಾವು. 1997ರ ನೋಕಿಯಾ 6110 ಫೋನಿನಲ್ಲಿ ಬಂದ ಆ ಸ್ನೇಕ್ ಗೇಮನ್ನು ಬರೆದವರು ಟಾನೆಲಿ ಅರ್ಮಾಂಟೊ ಎಂಬ ಇಂಜಿನಿಯರ್. ಅದಕ್ಕೆ ಬೇರೆ ದುಡ್ಡಿಲ್ಲ, ಫೋನಿನ ಜೊತೆಗೇ ಬರ್ತಿತ್ತು. ಗೇಮಿನಿಂದಲೇ ದುಡ್ಡು ಮಾಡಬಹುದು ಅಂತ ಕಂಪನಿಗೆ ಹೊಳೆದಿದ್ದು ಆಮೇಲೆ. ಅಕ್ಟೋಬರ್ 2003ರಲ್ಲಿ ಎನ್-ಗೇಜ್ ಅನ್ನೋ ಗೇಮಿಂಗ್ ಫೋನ್ ಬಂತು. ನೋಡೋಕೆ ಥೇಟ್ ಕರ್ಜಿಕಾಯಿ :-) ಮಾತಾಡಬೇಕಾದ್ರೆ ಅದರ ಅಂಚನ್ನು ಕಿವಿಗೆ ಇಟ್ಟುಕೊಳ್ಳಬೇಕು. ಗೇಮುಗಳು ಪುಟ್ಟ ಮೆಮೊರಿ ಕಾರ್ಡುಗಳಲ್ಲಿ ಬರ್ತಿದ್ದವು, ಕಾರ್ಡ್ ಬದಲಾಯಿಸೋಕೆ ಬ್ಯಾಟರಿಯನ್ನೇ ಬಿಚ್ಚಬೇಕು! ಜನ ನಕ್ಕರು. ಫೋನ್ ಗೆಲ್ಲಲಿಲ್ಲ.

ಆದ್ರೆ ಆ ಕಾರ್ಡುಗಳ ಒಂದು ಗುಣ ಗಮನಿಸಿ. ನೀವು ಎರಡನೇ ಎನ್-ಗೇಜ್ ತಗೊಂಡ್ರೆ ಕಾರ್ಡ್ ತೆಗೆದು ಅದಕ್ಕೆ ಹಾಕಬಹುದಿತ್ತು. ತಮ್ಮನಿಗೆ ಕೊಡಬಹುದಿತ್ತು, ಬೇಜಾರಾದ್ರೆ ಮಾರಬಹುದಿತ್ತು. ಕೊಂಡದ್ದು ಒಂದು ವಸ್ತು, ಅದು ನಿಮ್ಮ ಕೈಯಲ್ಲಿತ್ತು. ಕಂಪನಿಗೆ ತೊಂದರೆಯಾದದ್ದು ಬೇರೆ ಕಡೆಯಿಂದ. ಫೋನ್ ಬಂದ ಕೆಲವೇ ತಿಂಗಳಲ್ಲಿ ಗೇಮುಗಳ ಬೀಗ ಒಡೆದವರು ಹುಟ್ಟಿಕೊಂಡ್ರು, ಎನ್-ಗೇಜ್ ಗೇಮುಗಳು ಬೇರೆ ಸೀರೀಸ್ 60 ಫೋನುಗಳಲ್ಲೂ ಓಡತೊಡಗಿದವು.

ಸುಮಾರು ನಾಲ್ಕೂವರೆ ವರ್ಷ ಬಿಟ್ಟು, ಏಪ್ರಿಲ್ 2008ರಲ್ಲಿ ಎನ್-ಗೇಜ್ ಅನ್ನೋ ಹೆಸರು ಮತ್ತೆ ಬಂತು. ಈ ಸಲ ಅದು ಫೋನಲ್ಲ, ಎನ್81, ಎನ್95ನಂಥ ಫೋನುಗಳಲ್ಲಿ ಓಡುವ ಒಂದು ಸೇವೆ. ಇವತ್ತಿನ ಆಪ್ ಸ್ಟೋರಿನ ಹಾಗೆಯೇ: ಗೇಮನ್ನು ಇಳಿಸಿಕೊಂಡು ಆಡಿ ನೋಡಿ, ಇಷ್ಟವಾದ್ರೆ ದುಡ್ಡು ಕೊಡಿ. ಒಂದಕ್ಕೆ ಸುಮಾರು 6ರಿಂದ 10 ಯೂರೊ. ನಿಜ ಹೇಳ್ಬೇಕು ಅಂದ್ರೆ ಕಾಲಕ್ಕಿಂತ ಮುಂದಿದ್ದ ಯೋಚನೆ ಅದು.

ಎಡವಿದ್ದು ಲೈಸೆನ್ಸಿನಲ್ಲಿ. ದುಡ್ಡು ಕೊಟ್ಟ ಮೇಲೆ ಆಕ್ಟಿವೇಷನ್ ಕೋಡ್ ಹಾಕಿದರೆ, ಲೈಸೆನ್ಸ್ ಆ ಒಂದು ಹ್ಯಾಂಡ್‌ಸೆಟ್ಟಿಗೇ ಅಂಟಿಕೊಳ್ತಿತ್ತು. ನಿಮಗಲ್ಲ, ನಿಮ್ಮ ಸಿಮ್ಮಿಗೂ ಅಲ್ಲ, ಆ ಫೋನಿಗೆ. ನಾಳೆ ಎನ್81 ಬಿಟ್ಟು ಎನ್95 ತಗೊಂಡ್ರೆ ಗೇಮ್ ಬರಲ್ಲ. ಅದೇ ಮಾದರಿಯ ಇನ್ನೊಂದು ಫೋನ್ ತಗೊಂಡ್ರೂ ಬರಲ್ಲ. ಸೇವೆ ಶುರುವಾಗಿ ಹೆಚ್ಚು ದಿನ ಆಗೋ ಮುಂಚೆಯೇ ಇದು ಬಯಲಾಗಿ ದೊಡ್ಡ ಗಲಾಟೆ ಆಯ್ತು. ಯಾಕಾಗಬಾರದು? ವರ್ಷಕ್ಕೊಂದು ಹೊಸ ಮಾದರಿ ತಗೊಳ್ಳಿ ಅಂತ ಜಾಹೀರಾತು ಕೊಡೋದೂ ಇದೇ ಕಂಪನಿ, ತಗೊಂಡವನ ಗೇಮು ಕಿತ್ತುಕೊಳ್ಳೋದೂ ಇದೇ ಕಂಪನಿ. ಅತಿ ನಿಷ್ಠಾವಂತ ಗಿರಾಕಿಗೇ ಅತಿ ದೊಡ್ಡ ಪೆಟ್ಟು. ಕಾರ್ಡ್ ಕಾಲದ ಕಳ್ಳತನದಿಂದ ಬೆಚ್ಚಿಬಿದ್ದು ಇಷ್ಟು ಬಿಗಿ ಮಾಡಿದ್ರು ಅನ್ನೋದು ನನ್ನ ಊಹೆ.

ಇದನ್ನು ನೋಕಿಯಾ ಹೊಸದಾಗಿ ಕಂಡುಹಿಡಿದಿದ್ದೇನಲ್ಲ. ಸಿಂಬಿಯನ್ ಫೋನುಗಳಿಗೆ ಸಾಫ್ಟ್‌ವೇರ್ ಬರೆದು ಮಾರ್ತಿದ್ದ ಎಷ್ಟೋ ಸಣ್ಣ ಡೆವಲಪರುಗಳೂ ಹೀಗೇ ಮಾಡ್ತಿದ್ರು. *#06# ಒತ್ತಿದ್ರೆ 15 ಅಂಕಿಯ ಐಎಂಇಐ ನಂಬರ್ ಬರುತ್ತಲ್ಲ, ಅದನ್ನು ಕೊಟ್ರೆ ಅದರ ಮೇಲೆ ಲೆಕ್ಕ ಹಾಕಿ ಒಂದು ಕೋಡ್ ಕಳಿಸ್ತಿದ್ರು. ಫೋನ್ ಬದಲಾದ್ರೆ ಈಮೇಲ್ ಬರೆದು "ಸ್ವಾಮಿ, ಹೊಸ ಕೋಡ್ ಕೊಡಿ" ಅಂತ ಕೇಳಬೇಕು. ಆ ಕಡೆ ಒಬ್ಬ ಮನುಷ್ಯ ಇರ್ತಿದ್ದ, ಅಷ್ಟೇ ಸಮಾಧಾನ. ಅದಕ್ಕೂ ಮುಂಚೆ, 1996ರಲ್ಲಿ ಬಂದ ಪಾಮ್ ಪೈಲಟ್ ಕಾಲದಲ್ಲಿ ಇನ್ನೊಂದು ದಾರಿ ಇತ್ತು. ಪಾಮನ್ನು ಕಂಪ್ಯೂಟರಿಗೆ ಜೋಡಿಸುವಾಗ ಹಾಟ್‌ಸಿಂಕ್ ಅನ್ನೋ ತಂತ್ರಾಂಶಕ್ಕೆ ಒಂದು ಹೆಸರು ಕೊಡಬೇಕಿತ್ತು. ಅನೇಕ ಪಾಮ್ ಆಪ್‌ಗಳ ರಿಜಿಸ್ಟ್ರೇಷನ್ ಕೋಡ್ ಆ ಹೆಸರಿನ ಮೇಲೆ ನಿಂತಿತ್ತು. ಹೊಸ ಪಾಮ್ ತಗೊಂಡು ಅದೇ ಹೆಸರು ಕೊಟ್ರೆ ಹಳೆಯ ಕೋಡೇ ನಡೀತಿತ್ತು. ಎಷ್ಟು ಸರಳ ನೋಡಿ!

ನಮ್ಮ ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದ್ರೆ ಜಗಳ ಎಲ್ಲ ಪ್ರೈಮರಿ ಕೀ ಯಾವುದು ಅನ್ನೋದರ ಬಗ್ಗೆ. ಪಾಮಿನಲ್ಲಿ ಮನುಷ್ಯನ ಹೆಸರು, ಎನ್-ಗೇಜಿನಲ್ಲಿ ಹ್ಯಾಂಡ್‌ಸೆಟ್. 10 ಜುಲೈ 2008ರಂದು ಆಪಲ್‌ನ ಆಪ್ ಸ್ಟೋರ್ ಸುಮಾರು 500 ಆಪ್‌ಗಳೊಂದಿಗೆ ತೆರೆಯಿತು. ಅಲ್ಲಿ ಕೊಂಡದ್ದು ಅಕೌಂಟಿಗೆ ಸೇರ್ತಿತ್ತು, ಫೋನಿಗಲ್ಲ. ಅದೇ ಅಕ್ಟೋಬರಿನಲ್ಲಿ ಬಂದ ಆಂಡ್ರಾಯ್ಡ್ ಮಾರ್ಕೆಟ್ಟೂ ಗೂಗಲ್ ಅಕೌಂಟನ್ನೇ ನಂಬಿತು. ಎನ್-ಗೇಜ್ ಸೇವೆ ಶುರುವಾದ ಮೂರೇ ತಿಂಗಳಿಗೆ ಆಪ್ ಸ್ಟೋರ್ ಬಂದಿದ್ದು ಅನ್ನೋದನ್ನ ಗಮನಿಸಿ. ನೋಕಿಯಾ ಸೋತದ್ದಕ್ಕೆ ಟಚ್ ಸ್ಕ್ರೀನು, ಸಿಂಬಿಯನ್ನು ಅಂತ ನೂರು ಕಾರಣ ಹೇಳ್ತಾರೆ. ಗಿರಾಕಿಯನ್ನು ಫೋನಿನ ನಂಬರಿನಿಂದ ಗುರುತಿಸಿದ್ದು ಸಣ್ಣ ಕಾರಣ ಅಂತ ನನಗಂತೂ ಅನ್ನಿಸಲ್ಲ. ಅಕ್ಟೋಬರ್ 2009ರಲ್ಲಿ ಇನ್ನು ಹೊಸ ಎನ್-ಗೇಜ್ ಗೇಮ್ ಬರಲ್ಲ ಅಂತ ಘೋಷಣೆ ಆಯ್ತು, 2010ರ ಸೆಪ್ಟೆಂಬರ್ ಕೊನೆಗೆ ಅಂಗಡಿ ಬಾಗಿಲು ಹಾಕಿತು.

ಇಷ್ಟೆಲ್ಲ ಆಗುವಾಗ ನಮ್ಮ ಕಡೆ ಏನಾಗ್ತಿತ್ತು? ನಾನಾಗ ಪ್ರೈಮರಿ ಸ್ಕೂಲು. ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಒಂದಿಷ್ಟು ರೂಪಾಯಿ ಕೊಟ್ರೆ ಮೆಮೊರಿ ಕಾರ್ಡ್ ತುಂಬಾ ಹಾಡು, ಗೇಮು ಎಲ್ಲ ತುಂಬಿಸಿ ಕೊಡ್ತಿದ್ರು. ಮದುವೆ ಮನೆಯಲ್ಲಿ ಅಣ್ಣಂದಿರು ಸಾಲಾಗಿ ಕೂತು ಬ್ಲೂಟೂತಿನಲ್ಲಿ ಹಂಚ್ಕೊಳ್ತಿದ್ರು. ಆ ಗೇಮುಗಳು ಎಷ್ಟು ಫೋನ್ ದಾಟಿದವೋ ಲೆಕ್ಕ ಇಲ್ಲ. ಹೊಸ ಫೋನ್ ಬಂದ್ರೆ ಕಾರ್ಡ್ ಕಿತ್ತು ಹಾಕಿದ್ರಾಯ್ತು. ದುಡ್ಡು ಕೊಟ್ಟು ಕೊಂಡವನಿಗೆ ಇಲ್ಲದ ಸುಖ ಅದು! ಕದಿಯೋದು ಸರಿ ಅಂತ ಹೇಳ್ತಿಲ್ಲ, ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯೋನು ನಾನು. ಆದ್ರೆ ಬೀಗ ಯಾರಿಗೆ ಬಿತ್ತು ಅನ್ನೋದು ನೋಡ್ಬೇಕಲ್ವಾ?

ಅಕೌಂಟ್ ಬಂದ ಮೇಲೆ ಎಲ್ಲ ಸರಿಹೋಯ್ತಾ ಅಂದ್ರೆ, ಅದೂ ಅರ್ಧವೇ. ಅಕೌಂಟ್ ಅಂದ್ರೆ ಅಂಗಡಿಯವನ ಕಡತದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಒಂದು ಸಾಲು. ಅಂಗಡಿಯೇ ಹೋದ್ರೆ? ವಿಂಡೋಸ್ ಫೋನ್ 8.1ರ ಸ್ಟೋರ್ 16 ಡಿಸೆಂಬರ್ 2019ಕ್ಕೆ ಮುಚ್ಚಿತು. ಬ್ಲ್ಯಾಕ್‌ಬೆರಿ ವರ್ಲ್ಡ್ ಅದೇ ತಿಂಗಳ 31ಕ್ಕೆ. ಅಲ್ಲಿ ಕೊಂಡವರು ಆಂಡ್ರಾಯ್ಡಿಗೆ ಬಂದಾಗ ಬರಿಗೈ. ಅಂಗಡಿ ಇದ್ದರೂ ಸಾಮಾನು ಉಳಿಯುತ್ತೆ ಅಂತಿಲ್ಲ: ಸೆಪ್ಟೆಂಬರ್ 2017ರ ಐಒಎಸ್ 11 ಬಂದಾಗ 32 ಬಿಟ್ ಆಪ್‌ಗಳು ಒಂದೇ ಏಟಿಗೆ ನಿಂತವು. ಡೆವಲಪರ್ ಮತ್ತೆ ಕೂತು 64 ಬಿಟ್ಟಿಗೆ ಬದಲಾಯಿಸದಿದ್ರೆ, ಕೊಂಡವರ ಕೈಯಲ್ಲಿ ಬರೀ ಐಕಾನ್.

ಇಂಜಿನಿಯರಿಂಗ್ ಓದುವಾಗ ನಾನೂ ಒಂದು ಕ್ಯಾಲ್ಕುಲೇಟರ್ ಆಪ್ ಕೊಂಡಿದ್ದೆ. ಕ್ಯಾಂಟೀನಿನ ಎರಡು ಮಸಾಲೆದೋಸೆಯ ದುಡ್ಡು. ಈಗಿನ ಫೋನಿಗೆ ಅದು ಇಳಿಯೋದೇ ಇಲ್ಲ. ಬರೆದವರು ಅಪ್‌ಡೇಟ್ ಮಾಡೋದು ಬಿಟ್ಟು ವರ್ಷಗಳಾಗಿವೆ. ರಸೀದಿ ಮಾತ್ರ ಮೇಲ್‌ಬಾಕ್ಸಿನಲ್ಲಿ ಗಟ್ಟಿಯಾಗಿದೆ.

ಕಾನೂನು ಏನು ಹೇಳುತ್ತೆ ಅಂತ ನೋಡಿದೆ. ಪುಸ್ತಕದ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲೇ, ಒಮ್ಮೆ ಮಾರಿದ ಪ್ರತಿಯನ್ನು ಕೊಂಡವನು ಮುಂದೆ ಎಷ್ಟಕ್ಕೆ ಮಾರಬೇಕು ಅಂತ ಪ್ರಕಾಶಕ ಕಟ್ಟುಪಾಡು ಹಾಕುವಂತಿಲ್ಲ ಅಂದಿತ್ತು. ತಂತ್ರಾಂಶದವರು ಇದರಿಂದ ತಪ್ಪಿಸಿಕೊಂಡದ್ದು ಒಂದು ಮಾತಿನಿಂದ: ನಾವು ಮಾರಿಲ್ಲ, ಲೈಸೆನ್ಸ್ ಕೊಟ್ಟಿದ್ದೇವೆ. 2012ರಲ್ಲಿ ಯುರೋಪಿನ ನ್ಯಾಯಾಲಯ ಒರಾಕಲ್ ಮೊಕದ್ದಮೆಯಲ್ಲಿ ಈ ಮಾತನ್ನು ಪೂರ್ತಿ ಒಪ್ಪಲಿಲ್ಲ, ಕಾಲಮಿತಿಯಿಲ್ಲದ ಲೈಸೆನ್ಸನ್ನು ಮರುಮಾರಾಟ ಮಾಡಬಹುದು ಅಂದಿತು. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ, ನ್ಯಾಯವಾಗಿ ಪ್ರೋಗ್ರಾಂ ಹೊಂದಿದವನು ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು ಅಂತ ಇದೆ. ಸಂತೋಷ! ಆದ್ರೆ ಎನ್-ಗೇಜ್ ಗೇಮಿನ ಫೈಲನ್ನು ಎಷ್ಟು ಬ್ಯಾಕಪ್ ಮಾಡಿದ್ರೂ ಇನ್ನೊಂದು ಫೋನಿನಲ್ಲಿ ಅದು ಕೇಳ್ತಿದ್ದದ್ದು ಕೋಡನ್ನೇ. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಒಂದು ಕಾನೂನು ಮಾಡಿದ್ರು, 2025ರ ಜನವರಿಯಿಂದ ಜಾರಿಯಲ್ಲಿದೆ. ಡಿಜಿಟಲ್ ಸರಕನ್ನು ‘ಕೊಳ್ಳಿ’ ಅಂತ ಮಾರುವವರು, ಇದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ತಿಳಿಸಬೇಕಂತೆ. ಹೋಗೋದನ್ನ ತಡೆಯಲ್ಲ, ಹೋಗಬಹುದು ಅಂತ ಮುಂಚೆಯೇ ಹೇಳಿರ್ತಾರೆ ಅಷ್ಟೇ.

ಇನ್ನು ಆ ಎನ್-ಗೇಜ್ ಗೇಮುಗಳು ಏನಾದವು ಅಂತೀರಾ? ಇಕೆಎ2ಎಲ್1 ಅನ್ನೋ ಒಂದು ಓಪನ್ ಸೋರ್ಸ್ ಎಮ್ಯುಲೇಟರ್ ಇದೆ. ಸಿಂಬಿಯನ್ ಮತ್ತು ಎನ್-ಗೇಜ್ ಗೇಮುಗಳನ್ನು ಇವತ್ತಿನ ಕಂಪ್ಯೂಟರಿನಲ್ಲಿ, ಆಂಡ್ರಾಯ್ಡ್ ಫೋನಿನಲ್ಲಿ ಓಡಿಸುತ್ತೆ. ಯಾವುದೇ ಕಂಪನಿ ಮಾಡಿಸಿದ್ದಲ್ಲ, ಹಳೆಯ ಫೋನುಗಳ ಮೇಲೆ ಪ್ರೀತಿ ಇರುವವರು ಬರೆದದ್ದು. ಆದ್ರೆ ಅದಕ್ಕೆ ಹಾಕೋಕೆ ಗೇಮ್ ಬೇಕಲ್ಲ? 2008ರಲ್ಲಿ ದುಡ್ಡು ಕೊಟ್ಟು ಕೊಂಡದ್ದು ಆ ಹಳೆಯ ಹ್ಯಾಂಡ್‌ಸೆಟ್ಟಿನೊಳಗೇ ಕೂತಿದೆ. ಆಟಕ್ಕೆ ಸಿಗೋದು ಆಗ ಯಾರೋ ಬೀಗ ಒಡೆದು ಇಟ್ಟ ಪ್ರತಿಗಳು. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಹಳೆಯ ಎನ್81 ಇದ್ರೆ, ಚಾರ್ಜಿಗೆ ಹಾಕಿ ನೋಡಿ ಒಂದು ಸಾಲು ಬರೆಯಿರಿ, ಒಳಗೆ ಇನ್ನೂ ಏನಾದ್ರೂ ಓಡುತ್ತಾ ಅಂತ.